ಸ್ಕ್ರೂ ಬೇಡ ಎಂದವನು ನಾನೇ

ಮೂರು ವಾರದ ಹಿಂದಿನ ಭಾನುವಾರ ಮಧ್ಯಾಹ್ನ, ಶಿಕಾರಿಪುರದ ನಮ್ಮ ಮನೆಯ ಮಹಡಿ ಕಿಟಕಿಯ ಜಾಲರಿ ಫ್ರೇಮು ಕಿತ್ತುಕೊಂಡು ರಸ್ತೆಗೆ ಬಿತ್ತು. ಅದರ ಹಿಂದೆಯೇ, ಅದಕ್ಕೆ ಒರಗಿ ನಿಂತಿದ್ದ ಮೂರು ವರ್ಷದ ಮಗುವೊಂದು ಬೀಳುವುದಿತ್ತು.

ಬೀಳಲಿಲ್ಲ. ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಗಿರಿಜಾ ಫ್ರಾಕ್ ಹಿಡಿದು ಒಳಗೆ ಎಳೆದುಕೊಂಡಳು. ಮಗುವಿನ ಮೊಣಕೈ ತರಚಿತು, ಅಷ್ಟೇ. ಮಗು ಅಳುವುದಕ್ಕೆ ಮೊದಲೇ ಗಿರಿಜಾ ಅಳತೊಡಗಿದಳು.

ಮಗು ನನ್ನ ಬಾಮೈದ ಪ್ರಕಾಶನದು. ಅವನದು ಸೊರಬದಲ್ಲಿ ಗೊಬ್ಬರದ ಅಂಗಡಿ. ಅವತ್ತು ಹೆಂಡತಿ ಮಗಳ ಜೊತೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ.

ಈಗ ಆ ಫ್ರೇಮಿನ ಕಥೆ ಹೇಳಬೇಕು. ಹೇಳಲು ಮನಸ್ಸಿಲ್ಲ. ಆದರೂ ಹೇಳುತ್ತೇನೆ.

ನಮ್ಮ ಮನೆಯ ಉಳಿದ ಕಿಟಕಿಗಳಿಗೆಲ್ಲ ಸರಳುಗಳಿವೆ. ಮಹಡಿಯ ಈ ದೊಡ್ಡ ಕಿಟಕಿಗೆ ಮಾತ್ರ ಇಲ್ಲ. ಮಂಡಿ ಎತ್ತರದಲ್ಲೇ ಶುರುವಾಗುವ ಕಿಟಕಿ. ಸರಳು ಹಾಕಿದರೆ ವ್ಯೂ ಹೋಗುತ್ತದೆ ಎಂದು ಮನೆ ಕಟ್ಟುವಾಗ ನಾನೇ ಬೇಡ ಎಂದಿದ್ದೆ. (ವ್ಯೂ ಅಂದರೆ ಎದುರು ಮನೆಯ ನೀರಿನ ಟ್ಯಾಂಕು.) ಈ ವರ್ಷ ಮಂಗಗಳು ಒಳಗೆ ಬಂದು ಹಣ್ಣಿನ ಬುಟ್ಟಿ ಹೊತ್ತೊಯ್ದ ಮೇಲೆ ಜಾಲರಿ ಹಾಕಿಸಲೇಬೇಕಾಯಿತು. ಪ್ರಕಾಶನ ಮನೆಗೆ ಜಾಲರಿ ಹಾಕಿದ್ದ ಹಾಲೇಶಪ್ಪ ಎಂಬುವರನ್ನು ಅವನೇ ಸೊರಬದಿಂದ ಕಳಿಸಿಕೊಟ್ಟ. ಜಡೆ ಎಂಬ ಊರಿನ ಕಡೆಯವರು, ಐವತ್ತರ ಆಸುಪಾಸು, ಮಾತು ಕಡಿಮೆ.

ಅವರು ಅಳತೆ ತೆಗೆದ ರೀತಿಯೇ ಬೇರೆ. ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರು.

"ಚೌಕಟ್ಟು ಒಂಚೂರು ಸೊಟ್ಟ ಇದೆ ಸಾರ್. ಫ್ರೇಮು ಒಳಗೆ ಇಳಿದು ಕೂರ್ಬೇಕು. ಗೇಣಿಗೊಂದು ಸ್ಕ್ರೂ ಹಾಕಿ, ನಡುವೆ ಎರಡು ಅಡ್ಡಪಟ್ಟಿ ಕೊಡ್ತೀನಿ."

ಸ್ಕ್ರೂ? ಆಗಷ್ಟೇ ಪಾಲಿಶ್ ಮಾಡಿಸಿದ್ದ ಸಾಗುವಾನಿಗೆ? ನಾನು ಯೂಟ್ಯೂಬಿನಲ್ಲಿ ಮ್ಯಾಗ್ನೆಟ್ ಪಟ್ಟಿಯ ಫ್ರೇಮು ನೋಡಿದ್ದೆ. ಅಂಟಿಸಿದರೆ ಸಾಕು, ಬೇಕೆಂದಾಗ ತೆಗೆದು ತೊಳೆಯಬಹುದು. ಅದೇ ಬೇಕು ಎಂದೆ.

"ಸೊಳ್ಳೆಗೆ ಅದು ಸಾಕು ಸಾರ್. ಮೈಭಾರ ಬಿದ್ರೆ ನಿಲ್ಲಲ್ಲ."

"ಇಲ್ಲಿರೋದು ನಾವಿಬ್ರೇ. ಕಿಟಕಿಗೆ ಯಾರು ಹೋಗಿ ಒರಗ್ತಾರ್ರೀ?"

"ಮಕ್ಕಳು ಮರಿ ಬರ್ತಾವಲ್ಲ."

"ಹೇಳಿದಷ್ಟು ಮಾಡ್ರೀ ಸಾಕು," ಎಂದೆ. ಹೌದು, ಅದೇ ಶಬ್ದಗಳಲ್ಲಿ. ಗಿರಿಜಾ ಆಗ ಮನೆಯಲ್ಲಿರಲಿಲ್ಲ.

ಅದೇ ವಾರ ಪತ್ರಿಕೆಯ ಇದೇ ಅಂಕಣದಲ್ಲಿ ನಾನು ಹೆಲ್ಮೆಟ್ ಹಾಕದವರ ಬಗ್ಗೆ ಖಾರವಾಗಿ ಬರೆದಿದ್ದೆ. (ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಶಹಬ್ಬಾಸ್ ಎಂದಿರಿ. ಅದನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.)

ಫ್ರೇಮು ಬಿದ್ದ ಭಾನುವಾರಕ್ಕೆ ಬರೋಣ. ಪ್ರಕಾಶ ಹಾಲೇಶಪ್ಪನವರಿಗೆ ಫೋನ್ ಮಾಡಿದ. "ಎಂತ ಕೆಲಸ ಮಾಡಿದೀರ ಮಾರಾಯ್ರೆ? ನನ್ನ ಮಗಳು ಸಾಯ್ತಿದ್ಲಲ್ರೀ!"

ಸಂಜೆಯೊಳಗೆ ಅವರು ಸೊರಬದಿಂದ ಬೈಕಿನಲ್ಲಿ ಬಂದರು. ಕಿಟಕಿಯ ಕಡೆ ಹೋಗಲಿಲ್ಲ. ಮೊದಲು ಮಗುವಿನ ಮೊಣಕೈ ನೋಡಿದರು. "ಮತ್ತೆಲ್ಲೂ ಪೆಟ್ಟಾಗ್ಲಿಲ್ವಾ?" ಎಂದು ಅದರ ತಾಯಿಯನ್ನು ಎರಡು ಸಲ ಕೇಳಿದರು. ಆಮೇಲೆ ಕಿಟಕಿಯ ಮರದ ಮೇಲೆ ಕೈಯಾಡಿಸಿದರು. ಒಂದೂ ತೂತಿಲ್ಲದ, ಫಳಫಳ ಹೊಳೆಯುವ ಮರ.

ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಅವರು ಒಂದು ಸಲ ನನ್ನತ್ತ ನೋಡಿದರು. ಆಮೇಲೆ ಪ್ರಕಾಶನಿಗೆ, "ತಪ್ಪು ನಂದೇ. ಸ್ಕ್ರೂ ಇಲ್ದೆ ಕೂರಿಸ್ಬಾರ್ದಿತ್ತು," ಎಂದರು.

ನಾನೇನು ಮಾಡಿದೆ ಗೊತ್ತೇ? "ಟೀ ಮಾಡ್ಕೊಂಡ್ ಬರ್ತೀನಿ" ಎಂದು ಅಡುಗೆಮನೆಗೆ ಹೋದೆ. ಮದುವೆಯಾದ ಮೇಲೆ ಬಂದವರಿಗೆ ನಾನೇ ಟೀ ಮಾಡಲು ಎದ್ದದ್ದು ಅದೇ ಮೊದಲು.

ಮಾರನೆಯ ದಿನ ಅವರು ಸ್ಕ್ರೂ, ಅಡ್ಡಪಟ್ಟಿ ಹಾಕಿ ಹೊಸ ಫ್ರೇಮು ಕೂರಿಸಿದರು. ಹೊರಡುವ ಮುಂಚೆ ತಮ್ಮ ಇಡೀ ಮೈಭಾರ ಹಾಕಿ ಅದಕ್ಕೆ ಒರಗಿ ನೋಡಿದರು. ನಾನು ಪೇಪರ್ ಓದುತ್ತಿದ್ದೆ. ಓದುವವನಂತೆ ಕೂತಿದ್ದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹತ್ತು ದಿನದ ಮೇಲೆ ಪ್ರಕಾಶ ಫೋನಿನಲ್ಲಿ ಮಾತಾಡುತ್ತಾ ಹೇಳಿದ: "ಆ ಹಾಲೇಶಪ್ಪನ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದೀನಿ ಭಾವ. ನಮ್ಮ ಸೊರಬದ ಉಳವಿಯಲ್ಲಿ ಒಂದು ಹೊಸ ಮನೆಯ ಅಷ್ಟೂ ಕಿಟಕಿ ಅವನಿಗೆ ಕೊಟ್ಟಿದ್ರಂತೆ. ಈಗ ಬೇಡ ಅಂದ್ರಂತೆ. ಒಳ್ಳೇದಾಯ್ತು."

ಒಳ್ಳೇದಾಯ್ತು!

ಮೂರು ದಿನ ನುಂಗಿಕೊಂಡಿದ್ದೆ. ನಾಲ್ಕನೆಯ ದಿನ ಸೊರಬದ ಬಸ್ಸು ಹತ್ತಿದೆ. ಹಾಲೇಶಪ್ಪ ತಮ್ಮ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಯ್ಯುತ್ತಿದ್ದರು. ಮೆಷಿನ್ ನಿಲ್ಲಿಸಿ ಸ್ಟೂಲ್ ಕೊಟ್ಟರು. ನಾನು ಕೂರಲಿಲ್ಲ.

"ಅವತ್ತು ಸ್ಕ್ರೂ ಬೇಡ ಅಂದೋನು ನಾನು. ನೀವ್ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಉಳಿಸೋಕೆ ಸುಮ್ನಿದ್ದೆ ಅಂದ್ಕೋಬೇಡಿ ಸಾರ್," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಲ್ಲಲ್ಲ ಅಂತ ಗೊತ್ತಿದ್ದೂ ಕೂರಿಸಿದ್ದು ನನ್ನ ಕೈ. ನೀವು ಒತ್ತಾಯ ಮಾಡಿದ್ರೆ ಕೆಲಸ ಬಿಟ್ಟು ಎದ್ದು ಬರ್ಬೇಕಿತ್ತು. ನನ್ನ ಪಾಲಿಂದು ನಾನು ಹೇಳ್ದೆ."

ಅವರ ಪಾಲಿನದು ಅವರು ಹೇಳಿದರು. ನನ್ನ ಪಾಲಿನದು ಎರಡು ವಾರ ಹಾಗೇ ಉಳಿದಿತ್ತು.

ಅಲ್ಲಿಂದಲೇ ಪ್ರಕಾಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡೆ. ಬಯ್ಯಲಿಲ್ಲ. "ಅವತ್ತು ನೀವು ಎದುರಿಗೇ ಇದ್ರಲ್ಲ ಭಾವ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ರಾತ್ರಿ ಗಿರಿಜಾ ಕೂಡ ಅದನ್ನೇ ಅಂದಳು.

ಪ್ರಕಾಶ ಅದೇ ಗ್ರೂಪಿನಲ್ಲಿ ನಿಜ ಬರೆದ, ನನ್ನ ಹೆಸರು ಹಾಕಿಯೇ. ನಾನೇ ಹಾಕು ಎಂದಿದ್ದೆ. ಆದರೆ ಉಳವಿಯವರು ಅಷ್ಟರಲ್ಲಿ ಬೇರೆಯವರಿಗೆ ಕೆಲಸ ಒಪ್ಪಿಸಿಯಾಗಿತ್ತು. ಹಾಲೇಶಪ್ಪ "ಹೋಗ್ಲಿ ಬಿಡಿ ಸಾರ್" ಎಂದರು. ನಾನು ಬಿಡುವುದು ಹೇಗೆ?

ಇಷ್ಟು ಬರೆದು ನಿಜ ಹೇಳಿಬಿಟ್ಟೆ ಎಂದು ಬೀಗುವ ಹಾಗೂ ಇಲ್ಲ. ಆ ಕೆಲಸ ಅವರ ಕೈತಪ್ಪದೇ ಇದ್ದಿದ್ದರೆ, ನಾನು ಬಾಯಿ ಬಿಡುತ್ತಿದ್ದೆನೇ?