ನೆತ್ತಿಗೆ ತೂತು ಬಿದ್ದ ಗುಂಡುಕಲ್ಲು

ನನಗೆ ಆಗ ಎಪ್ಪತ್ತನಾಲ್ಕು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮನೆಯಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಕೂಸಿಗಿಂತ ಮುಂಚೆ ಕಡೆಯುವ ಕಲ್ಲಿನ, ಎಂದರೆ ರುಬ್ಬುವ ಕಲ್ಲಿನ, ಗುಂಡು ಮಲಗಬೇಕು. ಅದನ್ನು ಮೀಯಿಸಿ, ನೆತ್ತಿಗೆ ತೆಂಗಿನೆಣ್ಣೆ ತಟ್ಟಿ, ಕಾಡಿಗೆ ಇಟ್ಟು, ಟೊಪ್ಪಿ ಹಾಕಿ ತೂಗುವುದು. ಬರುವ ದೃಷ್ಟಿಯೆಲ್ಲ ಕಲ್ಲಿಗೆ ಬಡಿಯಲಿ, ಆಮೇಲೆ ಮಲಗುವ ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ನನ್ನ ನಾಲ್ಕು ಮಕ್ಕಳೂ ಮೊಮ್ಮಗಳು ಶ್ರುತಿಯೂ ಮಲಗಿದ್ದು ಒಂದೇ ಗುಂಡು ಮಲಗಿ ಎದ್ದ ಜಾಗದಲ್ಲಿ.

ಹಳೆಯ ಕಾಲ ಎಷ್ಟು ಚಂದ ಎಂದು ನೀವು ಹೇಳಬಹುದು. ಹಾಗೆ ಹೇಳುವವರು ಕಡೆದವರಲ್ಲ. ನಲವತ್ತು ವರ್ಷ ಬಂಗುಡೆ ಮೀನಿನ ಸಾರಿಗೆ ಮೆಣಸು, ತೆಂಗಿನಕಾಯಿ ಅದರಲ್ಲೇ ಕಡೆದು ಅಂಗೈ ಉರಿದು, ಸೊಂಟ ಬಿದ್ದವಳು ನಾನು. ಮಿಕ್ಸಿ ಬಂದ ದಿನ ಕಲ್ಲಿನ ಮೇಲೆ ಬಕೆಟು ಕವುಚಿ ಹಾಕಿದೆ. ದೇರೆಬೈಲಿನ ಫ್ಲಾಟಿಗೆ ಬಂದಾಗ ಗುಂಡು ಸಮೇತ ಗುಜರಿಯವನಿಗೆ ಕೊಟ್ಟೆ. ಕಣ್ಣೀರು ಬರಲಿಲ್ಲ. ತೊಟ್ಟಿಲಿನ ನೆನಪಾದರೂ ಬರಬೇಕಿತ್ತು, ಅದೂ ಬರಲಿಲ್ಲ.

ಶ್ರುತಿ ಹೆತ್ತಳು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಫೋನು ಮಾಡಿದಳು: “ಅಜ್ಜಿ, ಆ ಗುಂಡು ಉಂಟಲ್ಲ? ನಾಳೆ ತನ್ನಿ. ಎರಡು ಹೋದ ಮೇಲೆ ಉಳಿದ ಮಗು ಇದು, ನನಗೆ ಹೆದರಿಕೆ ಆಗ್ತದೆ.”

“ಉಂಟು” ಎಂದುಬಿಟ್ಟಿತು ಬಾಯಿ.

ಕೂಳೂರು ಸೇತುವೆಯ ಹತ್ತಿರದ ಗುಜರಿಗೆ ಓಡಿದೆ. ಹಂಪನಕಟ್ಟೆಯ ಒಂದು ಹೋಟೆಲಿನವರು ಕೊಂಡುಹೋದರು ಎಂದ. ಸಿಟಿ ಬಸ್ಸು ಹತ್ತಿದೆ. ಹೋಟೆಲಿನ ಬಾಗಿಲಲ್ಲೇ, ಹೂವಿನ ಕುಂಡಗಳ ನಡುವೆ, ಅಂಚು ಚಿಟಿಕೆಯಷ್ಟು ಒಡೆದ ನನ್ನ ಕಲ್ಲು. ಅದರೊಳಗೆ ಗುಂಡು. ಗುಂಡಿನ ನೆತ್ತಿಯಿಂದ ನೀರು ಚಿಮ್ಮುತ್ತಿತ್ತು.

ಮೊದಲು ನೀರನ್ನು ನೋಡಿದೆ, ಆಮೇಲೆ ತೂತನ್ನು. ಬುಡದಿಂದ ನೆತ್ತಿಯವರೆಗೆ ನೇರ ಕೊರೆದಿದ್ದರು. ಐದು ಕೂಸುಗಳಿಗಿಂತ ಮುಂಚೆ ನಾನು ಎಣ್ಣೆ ತಟ್ಟಿದ ಜಾಗ ಅದು. ಗಂಡ ಕಡಲಿನಿಂದ ಹಿಂತಿರುಗದ ದಿನವೂ ಮಕ್ಕಳಿಗೆ ಗಂಜಿ ಬೇಯಿಸಿದವಳು, ಒಂದು ಕಲ್ಲಿನ ಮುಂದೆ ಹೂವಿನ ಕುಂಡ ಹಿಡಿದು ನಿಂತೆ ಎಂದರೆ ನನಗೇ ನಂಬಿಕೆಯಾಗಲಿಲ್ಲ.

“ಎಂತ ಅಜ್ಜಿ, ಫೋಟೋ ತೆಗೀಬೇಕಾ?” ಎಂದ ಹೋಟೆಲಿನ ಯಜಮಾನ.

“ಇದರ ತಲೆಗೆ ತೂತು ಕೊರೆದದ್ದು ಯಾರು ಮಾರಾಯ?”

“ನಾನೇ ಮಾಡಿಸಿದ್ದು. ಭಾರೀ ಗಟ್ಟಿ. ಡ್ರಿಲ್ಲಿನ ಮೂರು ಮೊನೆ ತುಂಡಾಯ್ತು.”

“ತುಂಡಾಗದೆ ಎಂತ! ಐದು ಮಕ್ಕಳನ್ನು ಕಾದ ತಲೆ ಅದು. ನಾಳೆ ಆರನೆಯದಕ್ಕೆ ಬೇಕು.”

ಅವನ ಮುಖ ಸಣ್ಣದಾಯಿತು. “ತೊಟ್ಟಿಲಿಗೆ ಹಾಕುವ ಗುಂಡಾ? ನನಗೆ ಹೊಳೀಲೇ ಇಲ್ಲ ಅಜ್ಜಿ. ನನಗೂ ಹಾಗೇ ಮಾಡಿದ್ದು ಅಂತ ಅಮ್ಮ ಹೇಳ್ತಿದ್ರು.” ತಾನೇ ಪಂಪು ನಿಲ್ಲಿಸಿ, ಪೈಪು ಎಳೆದು, ಗುಂಡನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ಸುತ್ತಿಕೊಟ್ಟ. ಅವನನ್ನು ಬೈಯುವುದು ಹೇಗೆ? ಕೊರೆಸಿದವನು ಅವನು, ಗುಜರಿಗೆ ಕೊಟ್ಟವಳು ನಾನು.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಗ್ಗಿ ನೋಡಿ, “ಮಗುವಿಗೆ ಟಿಕೆಟ್ ಬೇಡ ಅಜ್ಜಿ” ಎಂದ. ನಗು ಬರಲಿಲ್ಲ. ಕಡೆಯುವ ಕೆಲಸವನ್ನು ಮಿಕ್ಸಿ ತೆಗೆದುಕೊಂಡಿತು, ಒಳ್ಳೆಯದೇ ಆಯಿತು. ಕೂಸಿಗಿಂತ ಮುಂಚೆ ಮಲಗುವ ಕೆಲಸಕ್ಕೆ ಯಾವ ಯಂತ್ರ ಬರುತ್ತದೆ ಎಂದು ಗುಜರಿಗೆ ಕೊಟ್ಟ ದಿನ ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಶ್ರುತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತೂತು ನೋಡಿ ಅವಳ ಮುಖದ ಬಣ್ಣವೇ ಹಾರಿತು. “ಬೇಗ ಟೊಪ್ಪಿ ಹಾಕಿ ಮುಚ್ಚಿ ಅಜ್ಜಿ” ಎಂದಳು. ಮೊದಲು ಎಣ್ಣೆ ಎಂದೆ. ಗುಂಡನ್ನು ಮಡಿಲಲ್ಲಿಟ್ಟು ನೆತ್ತಿಗೆ ಎಣ್ಣೆ ಹಾಕಿದೆ. ಅದು ಬುಡದಿಂದ ಸೋರಿ ನನ್ನ ಸೀರೆಗೆ ಬಿತ್ತು. ಅಡಿಯಿಂದ ಹೆಬ್ಬೆರಳು ಒತ್ತಿ ಹಿಡಿದು ಮತ್ತೆ ಹಾಕಿದೆ, ತೂತು ತುಂಬುವವರೆಗೆ.