ಲುಂಬಿನಿ ಒಬ್ಬರೇ ಗುರುತಿಸಿದ ನೂರು ವಾಕ್ಯ

ಬೆಳಗಿನ ಆರು ಗಂಟೆ. ವಾಡಿ ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಲುಂಬಿನಿ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಎಂಟಕ್ಕೆ ಕರೆಂಟ್ ಹೋಗುತ್ತದೆ. ಅಷ್ಟರೊಳಗೆ ನಲವತ್ತು ವಾಕ್ಯವಾದರೂ ಮುಗಿಯಬೇಕು, ಸಂಜೆಯೊಳಗೆ ನೂರಿಪ್ಪತ್ತು.

ಎಲ್ಲವೂ ಇಂಗ್ಲಿಷ್ ವಾಕ್ಯಗಳೇ. ಒಂದೊಂದು ಕ್ರಿಯಾಪದ ಹಿಡಿದು ಆ ಕೆಲಸ ಮಾಡಿದವರು ಯಾರು, ಯಾರಿಗೆ, ಯಾವುದರಿಂದ ಎಂದು ಗುರುತು ಹಾಕಬೇಕು. ಇಂಥ ಸಾವಿರಾರು ವಾಕ್ಯ ನೋಡಿ ಕಂಪ್ಯೂಟರ್ ಭಾಷೆ ಕಲಿಯುತ್ತದಂತೆ. ಇಂಗ್ಲಿಷ್ ಕಂಡರೆ ಬೆವರುವ ನನ್ನಂಥವನಿಗೆ ಇದು ಕಬ್ಬಿಣದ ಕಡಲೆ.

"ಮೊದಲ್ನೇ ದಿನ ತೆಲಿ ತಿರುಗಿತ್ರಿ. ಆಮ್ಯಾಲ, ನಮ್ಮವ್ವ ಸುತ್ತಿಗಿಲೆ ಕಲ್ಲು ಒಡೀತಾಳ ಅಂತ ಅಂದ್ಕೊಂಡೆ. ಒಡದಾಕಿ ಯಾರು, ಒಡದದ್ದೇನು, ಯಾತರಲೆ? ತಿಳೀತು" ಎನ್ನುತ್ತಾರೆ.

ಅವ್ವ ಮಾಣಿಕಮ್ಮ ರಾವೂರಿನಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಧೂಳಿನಿಂದ ಕೆಮ್ಮು ಹತ್ತಿದೆ. ಹೋದ ವರ್ಷ, ಅಂದರೆ ೨೦೦೫ರಲ್ಲಿ, ಮಗಳಿಗೆ ಈ ಕೆಲಸ ಸಿಕ್ಕ ಮೇಲೆಯೇ ಅವರು ಗಣಿ ಬಿಟ್ಟದ್ದು. ಈ ಕೆಲಸ ಹೋದರೆ ಅವರು ಮತ್ತೆ ಕಲ್ಲಿಗೇ ಹೋಗಬೇಕು.

ಕೆಲಸ ಹೋಗುವುದರಲ್ಲಿತ್ತು ಕೂಡ. ಇಲ್ಲಿ ಒಂದೇ ವಾಕ್ಯವನ್ನು ಇಬ್ಬರು ಬೇರೆಬೇರೆಯಾಗಿ ಗುರುತಿಸಬೇಕು, ಒಬ್ಬರದು ಒಬ್ಬರು ನೋಡುವಂತಿಲ್ಲ. ಲುಂಬಿನಿಯ ಜೋಡಿ ನಿವೃತ್ತ ಶಿಕ್ಷಕಿ ಪದ್ಮಜಾ. ಹೊಸ ಹುಡುಗಿ ಹಿಂದೆ ಬೀಳಬಾರದೆಂದು ಈ ಪುಣ್ಯಾತ್ಗಿತ್ತಿ ತಮ್ಮ ಗುರುತುಗಳನ್ನು ಮೆಲ್ಲಗೆ ಓದಿ ಹೇಳತೊಡಗಿದರು. ಐನೂರು ವಾಕ್ಯದಲ್ಲಿ ಒಂದೂ ವ್ಯತ್ಯಾಸ ಬರಲಿಲ್ಲ. ಈ ಕೆಲಸ ಕೊಟ್ಟ ಹೈದರಾಬಾದಿನ ಕಚೇರಿಯಲ್ಲಿ ಲೆಕ್ಕ ನೋಡುವವರು ಮೆಚ್ಚುವುದಿರಲಿ, ಅನುಮಾನಪಟ್ಟರು. ಇಬ್ಬರು ಮನುಷ್ಯರು ಅಷ್ಟೊಂದು ಒಪ್ಪುವುದುಂಟೇ?

ತಪ್ಪು ತಮ್ಮದೇ ಎಂದು ಪದ್ಮಜಾ ಪತ್ರ ಬರೆಯುತ್ತಿದ್ದಾಗ, ಲುಂಬಿನಿ ಕೆಳಗಿನ ಎಸ್‌ಟಿಡಿ ಬೂತಿಗೆ ಹೋಗಿ ಹೈದರಾಬಾದಿಗೆ ತಾವೇ ಎಲ್ಲ ಹೇಳಿಬಿಟ್ಟರು. ಹೊಸದಾಗಿ ನೂರು ವಾಕ್ಯ ಬಂದವು. ಇಬ್ಬರ ಗುರುತು ಎಂಬತ್ತಕ್ಕಿಂತ ಕಡಿಮೆ ವಾಕ್ಯದಲ್ಲಿ ಕೂಡಿದರೆ ಲುಂಬಿನಿ ಮನೆಗೆ. ಪದ್ಮಜಾ ಕುರ್ಚಿ ತಿರುಗಿಸಿ ಗೋಡೆಗೆ ಮುಖಮಾಡಿ ಕೂತರು. ಇಡೀ ದಿನ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

"ಟೀಚರ್ರ ಉಪಕಾರ ಭಾಳ ಅದರಿ. ನನಗ ಹೇಳಿಕೊಟ್ರು, ಅವತ್ತು ಬಾಯಿ ಕಟ್ಕೊಂಡು ಕುಂತ್ರು. ಹೇಳೋದಕ್ಕಿಂತ ಅದೇ ಕಷ್ಟ ಆಗಿತ್ತಂತ ಅವ್ರಿಗಿ."

ಇಂಥ ಒಬ್ಬರು ಪಕ್ಕದ ಕುರ್ಚಿಯಲ್ಲಿ ಸಿಗುವುದು ದೊಡ್ಡ ಭಾಗ್ಯವೆಂದು ನನಗೂ ಅನ್ನಿಸಿತು. ಎಷ್ಟು ಕೂಡಿದವು ಎಂದು ಕೇಳಿದೆ.

"ಎಂಬತ್ಮೂರು" ಎಂದರು ಲುಂಬಿನಿ. "ಎಲ್ಲಾ ಕೂಡ್ದಾಗ ಅಂಜಿಕಿ ಇತ್ರಿ. ಈ ಎಂಬತ್ಮೂರು ನನ್ನವು. ತಪ್ಪಿದ ಹದಿನೇಳೂ ನನ್ನವೇ."