ಭಾವ ಕಂಬಳಿ ಬಿಚ್ಚಿಕೊಂಡು ಓಡಿಬಂದದ್ದು

ನಾನು ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾಗಿ ಹಿರೇಗುಂಟನೂರಿಗೆ ಬಂದಮೇಲೆ ದುರ್ಗದ ಒಂದು ಕಾಲೇಜಿನವರು ಹೇಳಿಕಳಿಸಿದರು. ಅವರ ಅಂಗಳದಲ್ಲಿ ನಿಂತಿದ್ದ ಹಳೆಯ ಪಿಸ್ಟನ್ ಎಂಜಿನ್ನಿನ ವಿಮಾನವನ್ನು ಚಾಲೂ ಮಾಡಿ ವಿದ್ಯಾರ್ಥಿಗಳಿಗೆ ತೋರಿಸಬೇಕಂತೆ. ನನಗೂ ಕೊಬ್ಬು. ಮೂರು ತಿಂಗಳು ಕೂತು ರಿಪೇರಿ ಮಾಡಿದೆ.

ಅಂಥ ಎಂಜಿನ್ ಚಾಲೂ ಮಾಡುವಾಗ ಹೊರಗೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲೇಬೇಕು. ಅಕ್ಕನ ಗಂಡನನ್ನು ಕರೆದೊಯ್ದೆ. ಕುರಿ ಕಾಯ್ದು ಬಾಳಿದ ಮನುಷ್ಯ, ಹೆಗಲ ಮೇಲೆ ಕಂಬಳಿ ಇಲ್ಲದೆ ಹಟ್ಟಿ ದಾಟಿದವರಲ್ಲ. ಎಲ್ಲಿ ನಿಲ್ಲಬೇಕು, ಪಿನ್ ಹೇಗೆ ಕೀಳಬೇಕು, ಎಲ್ಲ ತೋರಿಸಿಕೊಟ್ಟೆ.

"ಮೂತಿಯ ಫ್ಯಾನಿನ ಹತ್ರ ಮಾತ್ರ ಬರಬ್ಯಾಡ್ರಿ ಭಾವ" ಅಂದೆ.

"ಆತು ಬಿಡಪ್ಪ, ನಾನೇನು ಕೂಸಾ?" ಅಂದರು.

ಒಂದು ಮಾತು ಹೇಳಲಿಲ್ಲ. ಪೆಟ್ರೋಲ್ ಹೆಚ್ಚಾದರೆ ಮೂತಿಯ ಪಕ್ಕದ ಹೊಗೆಕೊಳವೆಯಿಂದ ಮೊದಲಿಗೆ ಮೊಳದುದ್ದ ಬೆಂಕಿ ಬರುತ್ತದೆ. ಎಂಜಿನ್ ನಿಲ್ಲಿಸದೆ ತಿರುಗಿಸುತ್ತಿದ್ದರೆ ಸಾಮಾನ್ಯವಾಗಿ ತಾನಾಗೇ ಆರುತ್ತದೆ. ನನಗದು ಒಲೆಯ ಹೊಗೆಯಷ್ಟು ಮಾಮೂಲು, ಹೇಳಬೇಕೆಂದು ಹೊಳೆಯಲೇ ಇಲ್ಲ. ಸುಡಲಿ ನನ್ನ ಬುದ್ಧಿ.

ಅವತ್ತು ಎಂಜಿನ್ ಮೊದಲ ಎರಡು ಸಲ ಹಿಡಿಯಲಿಲ್ಲ. ವಿದ್ಯಾರ್ಥಿಗಳು ಮುಸಿಮುಸಿ ನಕ್ಕರು. ಆ ಸಿಟ್ಟಿಗೆ ಪೆಟ್ರೋಲಿನ ಕೈಪಂಪನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿದೆ. ಮೂರನೇ ಸಲ ಹಿಡಿಯಿತು, ಬೆಂಕಿಯೂ ಬಂತು. ನಾನು ವಿಮಾನದೊಳಗೆ ಕೂತಲ್ಲೇ ಕೂತು ಎಂಜಿನ್ ತಿರುಗಿಸುತ್ತಿದ್ದೆ. ಭಾವ ಸಿಲಿಂಡರ್ ಬಿಸಾಕಿದರು. ಬಣವೆಗೆ ಬೆಂಕಿ ಬಿದ್ದಾಗ ಮಾಡುವ ಹಾಗೆ ಕಂಬಳಿ ಬಿಚ್ಚಿಕೊಂಡು, ಅದರಲ್ಲೇ ಮುಚ್ಚಿ ಆರಿಸಲು ಓಡಿಬಂದರು, ಅದೂ ಮುಂದಿನಿಂದ. ಸ್ವಿಚ್ ಆರಿಸಿದೆ. ಫ್ಯಾನ್ ತಕ್ಷಣ ನಿಲ್ಲುವುದಿಲ್ಲ. ಕಂಬಳಿಯ ಜೊತೆಗೆ ಅವರ ಬಲಗೈಯನ್ನೂ ಎಳೆದುಕೊಂಡಿತು.

ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದರು. ಎಚ್ಚರವಾದಾಗ ಭಾವ ಮೊದಲು ಕೇಳಿದ್ದು, "ನಿನಗೇನೂ ಸುಟ್ಟಿಲ್ಲ ತಾನೆ?"

"ಇಲ್ರಿ."

"ಒಳಗೆ ಕುಂತಂಗೇ ಸುಟ್ಟು ಹೋಗ್ತೀಯ ಅನ್ಕಂಡೆ ಕಣಪ್ಪ" ಅಂದರು.

ಈಗ ಅಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವರ ಬಾಯಿಗಿಡುತ್ತಾಳೆ. ಎಡಗೈಯಲ್ಲಿ ಉಣ್ಣಲು ಭಾವ ಒಪ್ಪುವುದಿಲ್ಲ. ಮನೆಗೆ ಬಂದವರಿಗೆಲ್ಲ, "ಕೈ ಹೋದ್ರೆ ಹೋತು, ಬಾಮೈದ ಉಳ್ಕಂಡ" ಅನ್ನುತ್ತಾರೆ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಾ, "ಹೌದಲ್ವೇನೋ?" ಅನ್ನುತ್ತಾಳೆ. ಆ ಬೆಂಕಿ ತಾನಾಗೇ ಆರುತ್ತಿತ್ತು ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ಹೂಂ ಅನ್ನುತ್ತೇನೆ.